ಐದನೆಯ ಅಂಗಡಿಗೆ ಸಹಿ ಹಾಕುವ ಮೊದಲು

ವ್ಯಾಪಾರ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕ, ನಮ್ಮದು ನಾಲ್ಕು ಸೂಪರ್ ಮಾರ್ಕೆಟ್‌ಗಳ ಸಣ್ಣ ಚೈನ್. ಬದಿಯಡ್ಕದಲ್ಲಿ ಅಪ್ಪ ಇಟ್ಟಿದ್ದ ಜೀನಸಿನ ಅಂಗಡಿಯಿಂದ ಶುರುವಾಗಿ ಈಗ ಪೆರ್ಲ, ಮುಳ್ಳೇರಿಯ, ಸೀತಾಂಗೋಳಿಯಲ್ಲೂ ಇದೆ. ಕುಂಬಳೆಯಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಗೆ ಮುಖಮಾಡಿದ ಹೊಸ ಕಟ್ಟಡದಲ್ಲಿ 6,000 ಚದರ ಅಡಿ ಜಾಗ ಸಿಗುತ್ತಿದೆ. ಚದರ ಅಡಿಗೆ ತಿಂಗಳಿಗೆ 40 ರೂಪಾಯಿ ಬಾಡಿಗೆ, ಒಂಬತ್ತು ವರ್ಷದ ಕರಾರು, ಹನ್ನೆರಡು ತಿಂಗಳ ಮುಂಗಡ. ಎಂಬಿಎ ಓದಿ ಬಂದ ಮಗ "ದೊಡ್ಡ ಕಂಪನಿ ಬರುವ ಮೊದಲು ನಾವೇ ಹೋಗೋಣ" ಎನ್ನುತ್ತಾನೆ. ತಮ್ಮ "ಐದು ವರ್ಷದಲ್ಲಿ ಎಲ್ಲರೂ ಮೊಬೈಲಿನಲ್ಲೇ ತರಿಸುತ್ತಾರೆ, ಇರುವುದನ್ನೇ ಮುಚ್ಚಬೇಕಾದೀತು" ಎನ್ನುತ್ತಾನೆ. ಸನ್ನಿವೇಶ ಯೋಜನೆ ಮಾಡೋಣ ಎಂದು ಮಗ ನಾಲ್ಕು ಚೌಕ ಬರೆದು ತೋರಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ವಿಷುವಿನೊಳಗೆ ಕಟ್ಟಡದವರಿಗೆ ಉತ್ತರ ಹೇಳಬೇಕು. ಯಾರ ಮಾತು ಸರಿ?
(ಹೆಸರು ಬೇಡ, ಬದಿಯಡ್ಕ, ಕಾಸರಗೋಡು ಜಿಲ್ಲೆ)

ಉತ್ತರ: ಮಗ ಮತ್ತು ತಮ್ಮ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಮುಂದೆ ಏನಾಗುತ್ತದೆ ಎಂಬುದು ತಮಗೆ ತಿಳಿದುಹೋಗಿದೆ ಎಂದು ಇಬ್ಬರೂ ನಂಬಿದ್ದಾರೆ. ಇಬ್ಬರ ಮಾತೂ ನಿಜವಾಗಬಹುದು, ಎರಡೂ ಸುಳ್ಳಾಗಬಹುದು. ನೀವು ಸಹಿ ಹಾಕುವ ಕಾಗದವಾದರೋ ಒಂಬತ್ತು ವರ್ಷ ಹಾಗೆಯೇ ಇರುತ್ತದೆ. ಆ ಕಾಗದವನ್ನು ನಾಲ್ಕಾರು ಬಗೆಯ ನಾಳೆಗಳ ಎದುರು ಹಿಡಿದು, ಎಲ್ಲಿ ಹರಿಯುತ್ತದೆ ಎಂದು ಇಂದೇ ನೋಡಿಕೊಳ್ಳುವುದಕ್ಕೆ ಸನ್ನಿವೇಶ ಯೋಜನೆ ಎಂದು ಹೆಸರು. ಮಗ ಚೌಕ ಬರೆದದ್ದು ಒಳ್ಳೆಯದೇ. ಕರಾರನ್ನು ಆ ಚೌಕಗಳ ಮೇಲೆ ಇಟ್ಟು ನೋಡಲಿಲ್ಲ, ಅಷ್ಟೇ.

ನಾನು ಇಪ್ಪತ್ತನಾಲ್ಕು ವರ್ಷ ಚೈನ್ ಸ್ಟೋರ್‌ಗಳ ಖರೀದಿ ವಿಭಾಗದಲ್ಲಿ ದುಡಿದವಳು. 2008ರಲ್ಲಿ ನಾನಿದ್ದ ಕಂಪನಿಯ ಬಜೆಟ್ ಹಾಳೆಯಲ್ಲಿ ಮುಂದಿನ ವರ್ಷಕ್ಕೆಂದು ಒಂದೇ ಅಂಕಣವಿತ್ತು: ಮಾರಾಟ ಶೇಕಡಾ 30 ಹೆಚ್ಚು. ಎರಡನೆಯ ಅಂಕಣ ಬೇಡವೇ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಆ ವರ್ಷ ಹನ್ನೊಂದು ಅಂಗಡಿ ತೆರೆದೆವು, ಮುಂದಿನ ದೀಪಾವಳಿಯೊಳಗೆ ಏಳನ್ನು ಮುಚ್ಚಿದೆವು. ಮುಚ್ಚಿದ ಅಂಗಡಿಗಳಿಗೂ ಎರಡು ವರ್ಷ ಬಾಡಿಗೆ ಕಟ್ಟಿದೆವು, ಏಕೆಂದರೆ ಕರಾರು ಹಾಗಿತ್ತು. ಒಂದು ಅಂಗಡಿಯಿಂದ ತೂಕದ ಯಂತ್ರಗಳನ್ನು ತರಲು ನಾನೇ ಹೋಗಿದ್ದೆ. ಅರ್ಧ ಎತ್ತಿದ ಶಟರ್, ಬರಿದಾದ ಕಪಾಟುಗಳಲ್ಲಿ ಬೆಲೆಚೀಟಿಗಳು ಹಾಗೆಯೇ ಅಂಟಿಕೊಂಡಿದ್ದವು. ಬಿಲ್ಲಿಂಗಿನಲ್ಲಿದ್ದ ಹುಡುಗಿಯೊಬ್ಬಳು ಕೊಡೆ ಮಡಚಿ ಬಾಗಿಲಲ್ಲಿ ನಿಂತು, ತನ್ನ ಊಟದ ಡಬ್ಬಿ ಒಳಗೇ ಉಳಿದಿದೆ, ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಡಬ್ಬಿ ಗಲ್ಲಾಪೆಟ್ಟಿಗೆಯ ಕೆಳಗೆ, ಬಟ್ಟೆಯ ಚೀಲದಲ್ಲಿತ್ತು. ಅವಳಿಗೆ ಎರಡು ತಿಂಗಳ ಸಂಬಳ ಬಾಕಿ ಇತ್ತು. ಅದನ್ನು ಅವಳು ಕೇಳಲಿಲ್ಲ. ಅಂದಿನಿಂದ ಯಾರಾದರೂ ಹೊಸ ಅಂಗಡಿ ಎಂದರೆ ನಾನು ಮೊದಲು ಬಾಡಿಗೆ ಕರಾರು ತೋರಿಸಿ ಎನ್ನುತ್ತೇನೆ.

ಅದೇ ಹೊತ್ತಿನಲ್ಲಿ ದೊಡ್ಡವರೂ ಬಿದ್ದರು. ಚೆನ್ನೈಯಲ್ಲಿ 1997ರಲ್ಲಿ ಶುರುವಾದ ಸುಭಿಕ್ಷಾ ದೇಶದಾದ್ಯಂತ ಸುಮಾರು 1,600 ಅಂಗಡಿಗಳಿಗೆ ಬೆಳೆದು 2009ರಲ್ಲಿ ಮುಚ್ಚಿತು. ಸಾಲ ತಂದು ಅಂಗಡಿ ತೆರೆಯುತ್ತ ಹೋದವರಿಗೆ ಹೊಸ ಸಾಲ ಸಿಗುವುದು ನಿಂತಾಗ ಕೈಯಲ್ಲಿ ಕಾಸಿರಲಿಲ್ಲ. 2001ರಲ್ಲಿ ಶುರುವಾದ ಬಿಗ್ ಬಜಾರ್ ಕೋವಿಡ್ ಹೊಡೆತಕ್ಕೆ ಸಿಕ್ಕಿ ಬಾಡಿಗೆ ಕಟ್ಟಲಾರದಾಯಿತು. ಅದರ ಎಷ್ಟೋ ಕರಾರುಗಳನ್ನು ರಿಲಯನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡು 2022ರಲ್ಲಿ ಅಂಗಡಿಗಳನ್ನೇ ವಶಕ್ಕೆ ಪಡೆಯಿತು. ಕರಾರು ಯಾರ ಕೈಯಲ್ಲೋ ಅಂಗಡಿ ಅವರದು. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಬಾಗಿಲು ತೆರೆದ ಡಿ-ಮಾರ್ಟ್ ಹೆಚ್ಚಿನ ಕಡೆ ಕಟ್ಟಡವನ್ನೇ ಕೊಂಡು ನಿಧಾನವಾಗಿ ಬೆಳೆದದ್ದು. ನೀವು ಕುಂಬಳೆಯಲ್ಲಿ ಕಟ್ಟಡ ಕೊಳ್ಳಲಾರಿರಿ, ನಿಜ. ಅಪ್ಪನ ಬದಿಯಡ್ಕದ ಅಂಗಡಿ ಸ್ವಂತದ್ದು ಎಂದು ಭಾವಿಸಿದ್ದೇನೆ. ಯಾವ ಕಾರಣಕ್ಕೂ ಅದನ್ನು ಅಡವಿಟ್ಟು ಈ ಮುಂಗಡ ಕೊಡಬೇಡಿ.

ಈಗ ಚೌಕಗಳಿಗೆ ಬರೋಣ. ಚೌಕ ಬರೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ಆಗಿಯೇ ತೀರುವುದನ್ನು ಬೇರೆ ಮಾಡಿಡುವುದು. ಶೆಲ್ ಎಣ್ಣೆ ಕಂಪನಿಯಲ್ಲಿ ಈ ವಿದ್ಯೆಯನ್ನು ಬೆಳೆಸಿದ ಫ್ರೆಂಚ್ ತಜ್ಞ ಪಿಯರ್ ವಾಕ್ ಇದಕ್ಕೆ ಗಂಗೆಯ ಹೋಲಿಕೆ ಕೊಡುತ್ತಿದ್ದರು. ಮೇಲೆ ಜೋರು ಮಳೆಯಾಗಿದ್ದರೆ ಕೆಲವೇ ದಿನಗಳಲ್ಲಿ ಋಷಿಕೇಶಕ್ಕೆ, ಬಳಿಕ ಅಲಹಾಬಾದಿಗೆ, ಆಮೇಲೆ ಕಾಶಿಗೆ ನೆರೆ ಬರುವುದು ಖಚಿತ, ಅದು ಭವಿಷ್ಯ ಹೇಳುವುದಲ್ಲ ಎನ್ನುವುದು ಅವರ ಮಾತಿನ ಸಾರ. ನಮಗೆ ಗಂಗೆಯವರೆಗೆ ಹೋಗಬೇಕಾಗಿಲ್ಲ. ಕೊಡಗಿನ ಬೆಟ್ಟದಲ್ಲಿ ಮಳೆ ಹೊಯ್ದರೆ ಸುಳ್ಯದಲ್ಲಿ ಪಯಸ್ವಿನಿ ಕೆಂಪಗೆ ತುಂಬುತ್ತದೆ. ಅದೇ ನೀರು ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಸೇತುವೆಯಡಿಗೆ ಬರುತ್ತದೆ.

ನಿಮ್ಮ ವ್ಯಾಪಾರದಲ್ಲಿ ಈಗಾಗಲೇ ಬಿದ್ದ ಮಳೆ ಯಾವುದು? ಒಂದು, ಮನೆಗಳು ಸಣ್ಣವಾಗಿವೆ. ಕೇರಳದಲ್ಲಿ ಮಕ್ಕಳ ಸಂಖ್ಯೆ ಮನೆಗೆ ಎರಡರ ಆಸುಪಾಸಿಗೆ ಇಳಿದದ್ದು 1980ರ ದಶಕದ ಕೊನೆಯಲ್ಲೇ. ಆ ಮಕ್ಕಳಲ್ಲಿ ಬಹಳ ಮಂದಿ ಈಗ ಬೆಂಗಳೂರು, ದುಬೈಗಳಲ್ಲಿದ್ದಾರೆ. ಮನೆಯಲ್ಲಿ ಉಳಿದವರು ಎಪ್ಪತ್ತರ ತಂದೆ ತಾಯಿ. ಐವತ್ತು ಕಿಲೋ ಕುಚ್ಚಲಕ್ಕಿಯ ಮೂಟೆ ಒಯ್ಯುತ್ತಿದ್ದ ಮನೆಗೆ ಇಂದು ಐದು ಕಿಲೋ ಸಾಕು, ಅದನ್ನೂ ಯಾರಾದರೂ ಜಗಲಿಗೆ ತಂದಿಡಬೇಕು. ಎರಡು, ದೊಡ್ಡ ಕಂಪನಿ ಬಂದೇ ಬರುತ್ತದೆ. ಹಲವು ಕಂಪನಿಗಳ ಸಾಮಾನು ಒಂದೇ ಕಡೆ ಮಾರುವ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ಕೇಂದ್ರ 2012ರಲ್ಲಿ ಶೇಕಡಾ 51ರ ತನಕ ಅವಕಾಶ ಕೊಟ್ಟು, ಒಪ್ಪುವುದು ಬಿಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ಕೇರಳ ಒಪ್ಪಲಿಲ್ಲ ಎಂದು ನೆಮ್ಮದಿಯಿಂದಿರಬೇಡಿ. ದೇಶದೊಳಗಿನ ಕಂಪನಿಗೆ ಆ ಬೇಲಿ ಇಲ್ಲ.

ಮೂರನೆಯ ಮಳೆ ಹೆದ್ದಾರಿ. ಮೊದಲು ಬಸ್ಸಿಳಿದವರು ಎಡಬಲ ನೋಡಿ ರಸ್ತೆ ದಾಟಿ ಅಂಗಡಿಗೆ ಬರುತ್ತಿದ್ದರು. ಆರು ಪಥವಾದ ಮೇಲೆ ಆಚೆ ಬದಿಯವರಿಗೆ ಈಚೆ ಬದಿ ಬೇರೆ ಊರಿನಂತಾಗಿದೆ. ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಬರಬೇಕು. ಹಾಗಾಗಿ ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಒಂದು ಸೋಮವಾರ, ಒಂದು ಶುಕ್ರವಾರ, ಒಂದು ಭಾನುವಾರ, ಸಂಜೆ ಐದರಿಂದ ಏಳರವರೆಗೆ ಆ ಕಟ್ಟಡದ ಎದುರು ನೀವೇ ನಿಂತು ಲೆಕ್ಕ ಹಾಕಿ: ಎಷ್ಟು ಮಂದಿ ನಡೆದು ಹೋದರು, ಅವರ ಕೈಯಲ್ಲಿ ಚೀಲವಿತ್ತೇ, ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕಿತೇ. ಮಗನನ್ನು ಕಳುಹಿಸಬೇಡಿ, ನೀವೇ ಹೋಗಿ. ಅಪ್ಪನ ಅಂಗಡಿಯಲ್ಲಿ ಕುಳಿತು ಬೆಳೆದವರ ಕಣ್ಣಿಗೆ ಗಿರಾಕಿ ಯಾರು, ದಾರಿಹೋಕ ಯಾರು ಎಂದು ದೂರದಿಂದಲೇ ತಿಳಿಯುತ್ತದೆ.

ಇನ್ನು ನಿಜವಾಗಿ ಗೊತ್ತಿಲ್ಲದವು ಎರಡು. ಮನೆಗಳಿಗೆ ಹಣ ಹೇಗೆ ಬರುತ್ತದೆ ಎಂಬುದು ಒಂದು, ಸಾಮಾನು ಮನೆಗೆ ಹೇಗೆ ಬರುತ್ತದೆ ಎಂಬುದು ಇನ್ನೊಂದು. ಹಣ ಎಂದರೆ ನಮ್ಮಲ್ಲಿ ಕೊಲ್ಲಿ ಮತ್ತು ಅಡಿಕೆ. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬಳಿಕ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಪೀಪಾಯಿಗೆ ಸುಮಾರು ಮೂರು ಡಾಲರಿನಿಂದ ಹನ್ನೆರಡರ ಹತ್ತಿರಕ್ಕೆ ಏರಿತು. ಇಂಥದ್ದು ಆಗಬಹುದು ಎಂದು ವಾಕ್ ಮತ್ತು ಸಂಗಡಿಗರು ಶೆಲ್‌ನ ಹಿರಿಯರ ಮುಂದೆ ಮೊದಲೇ ಚಿತ್ರ ಬಿಡಿಸಿಟ್ಟಿದ್ದರು. ಆ ಏರಿಕೆಯಿಂದಲೇ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಕೆಲಸ ಎದ್ದವು. ಉಪ್ಪಳ, ಕುಂಬಳೆ, ಮೊಗ್ರಾಲಿನ ಹುಡುಗರು ಹೊರಟದ್ದು ಆ ಕೆಲಸಕ್ಕೆ. ನಿಮ್ಮ ಅಪ್ಪನ ಅಂಗಡಿ ಸೂಪರ್ ಮಾರ್ಕೆಟ್ ಆದದ್ದರಲ್ಲಿ ಆ ಹಣದ ಪಾಲೂ ಇದೆ. ಅದು ಇನ್ನೂ ಹತ್ತು ವರ್ಷ ಹೀಗೆಯೇ ಬರುತ್ತದೋ, ಅರ್ಧವಾಗುತ್ತದೋ, ಆಣೆ ಹಾಕಿ ಹೇಳಬಲ್ಲವರಿಲ್ಲ. ಅಡಿಕೆ ಧಾರಣೆಯೂ ಅಷ್ಟೇ, ಹಳದಿ ರೋಗ ಹತ್ತಿದ ತೋಟವೂ ಅಷ್ಟೇ.

ಎರಡನ್ನೂ ಅಡ್ಡಗೆರೆ ಉದ್ದಗೆರೆಯಾಗಿ ಎಳೆದರೆ ಮಗನ ನಾಲ್ಕು ಚೌಕಗಳು. ಹಣವೂ ಚೆನ್ನಾಗಿದೆ, ಜನ ಅಂಗಡಿಗೂ ಬರುತ್ತಾರೆ: ಇದಕ್ಕೆ ಜಾತ್ರೆ ಎಂದು ಹೆಸರಿಡಿ. ಮಗನ ಲೆಕ್ಕವೆಲ್ಲ ಇದರಲ್ಲಿ ಸರಿಬರುತ್ತದೆ, ಹೆಚ್ಚು ಹೇಳಬೇಕಾದ್ದಿಲ್ಲ. ಹಣ ಚೆನ್ನಾಗಿದೆ, ಆದರೆ ಮನೆಯಿಂದಲೇ ತರಿಸುತ್ತಾರೆ: ಇದು ಬಾಗಿಲ ಚೀಲ. ದುಬೈಯಲ್ಲಿರುವ ಮಗಳು ಮೊಬೈಲಿನಲ್ಲಿ ಹಣ ಕಟ್ಟಿ ನೀರ್ಚಾಲಿನ ಅಮ್ಮನ ಜಗಲಿಗೆ ಸಾಮಾನು ತಲುಪಿಸುತ್ತಾಳೆ. ನಗರಗಳಲ್ಲಿ ಹತ್ತಿಪ್ಪತ್ತು ನಿಮಿಷದಲ್ಲಿ ತಂದುಕೊಡುವ ಬ್ಲಿಂಕಿಟ್, ಝೆಪ್ಟೊ, ಇನ್‌ಸ್ಟಾಮಾರ್ಟ್‌ಗಳ ಮಳಿಗೆಗೆ ಗಿರಾಕಿ ಕಾಲಿಡುವುದೇ ಇಲ್ಲ, ಅದು ಬರೀ ಗೋದಾಮು. ಇಂಥ ದಿನ ಬಂದರೆ ಹೆದ್ದಾರಿಗೆ ಮುಖಮಾಡಿದ ಗಾಜಿನ 6,000 ಚದರ ಅಡಿ ನಿಮಗೆ ಹೊರೆ. ಒಳರಸ್ತೆಯ 2,000 ಅಡಿಯ ಗೋದಾಮು, ಮೂರು ಸ್ಕೂಟರ್, ಮನೆಹೆಸರು ಬಲ್ಲ ಮೂವರು ಹುಡುಗರು ಸಾಕು. ಸೀತಾಂಗೋಳಿಯ ಗುಡ್ಡದ ಮೇಲಿನ ಮನೆಗೆ ದಾರಿ ಯಾವ ಕಡೆಯಿಂದ ಎಂಬುದು ನಿಮ್ಮ ಹುಡುಗರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ಮೂರನೆಯದನ್ನು ನಾನು ಕಡದ ಪುಸ್ತಕ ಎಂದು ಕರೆಯುತ್ತೇನೆ. ಹಣ ಬಿಗಿಯಾಗಿದೆ, ಜನ ಅಂಗಡಿಗೇ ಬರುತ್ತಾರೆ. ನನ್ನ ಅಪ್ಪನಿಗೂ ನೀರ್ಚಾಲಿನಲ್ಲಿ ಜೀನಸಿನ ಅಂಗಡಿ ಇತ್ತು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ. ಅಡಿಕೆ ಮಾರಿದ ದಿನ ಗಿರಾಕಿ ಬಂದು ಲೆಕ್ಕ ತೀರಿಸಿದರೆ ಅಪ್ಪ ಪುಟಕ್ಕೆ ಓರೆಗೆರೆ ಎಳೆದು ಮಕ್ಕಳಿಗೆಂದು ಬೆಲ್ಲದ ತುಂಡು ಕೊಡುತ್ತಿದ್ದರು. ಒಂದು ವರ್ಷ ಧಾರಣೆ ಬಿದ್ದಾಗ ಓರೆಗೆರೆ ಇಲ್ಲದ ಪುಟಗಳೇ ಹೆಚ್ಚಾದವು. ಮಾರಾಟ ಕಡಿಮೆಯಾಗಿರಲಿಲ್ಲ, ಗಲ್ಲಾಪೆಟ್ಟಿಗೆ ಮಾತ್ರ ಬರಿದಾಗಿತ್ತು. ಅಪ್ಪನಿಗೆ ಬಾಡಿಗೆ ಇರಲಿಲ್ಲ, ಹಾಗಾಗಿ ಉಳಿದರು. ನಿಮ್ಮ ಕುಂಬಳೆಯ ಬಾಡಿಗೆ ತಿಂಗಳಿಗೆ 2,40,000 ರೂಪಾಯಿ. ಕಡ ಹೇಳುವ ಗಿರಾಕಿ ಅಡಿಕೆ ಮಾರುವವರೆಗೆ ಕಾಯಿಸುತ್ತಾನೆ, ಕಟ್ಟಡದವರು ತಿಂಗಳ ಐದನೆಯ ತಾರೀಕಿನ ಆಚೆಗೆ ಕಾಯುವುದಿಲ್ಲ. ನಾಲ್ಕನೆಯದು, ಹಣವೂ ಇಲ್ಲ, ಇದ್ದ ಹಣವೂ ರಿಯಾಯಿತಿ ಕೊಡುವ ದೊಡ್ಡವರ ಆ್ಯಪ್‌ಗೆ ಹೋಗುತ್ತದೆ. ಅದರಲ್ಲಿ ಐದನೆಯ ಅಂಗಡಿ ಹಾಗಿರಲಿ, ಪೆರ್ಲದ್ದನ್ನೂ ಮರುಯೋಚಿಸಬೇಕಾದೀತು.

ಲೆಕ್ಕ ಹೀಗಿದೆ. ಬಾಡಿಗೆ 2,40,000, ಸಂಬಳ, ಕರೆಂಟು, ಹಾಳಾದ ಸಾಮಾನು ಸೇರಿ ಇನ್ನೊಂದು ಮೂರು ಲಕ್ಷ ಎಂದುಕೊಳ್ಳಿ. ಒಟ್ಟು 5,40,000. ನೂರು ರೂಪಾಯಿ ಮಾರಾಟದಲ್ಲಿ ಹದಿನೈದು ಉಳಿದರೆ, ಖರ್ಚು ಹುಟ್ಟಲು ತಿಂಗಳಿಗೆ 36 ಲಕ್ಷ ಮಾರಬೇಕು, ಅಂದರೆ ದಿನಕ್ಕೆ 1,20,000. ಸರಾಸರಿ ಬಿಲ್ 400 ರೂಪಾಯಿಯಾದರೆ ದಿನಕ್ಕೆ 300 ಬಿಲ್. ಪಕ್ಕದಲ್ಲಿ ದೊಡ್ಡ ಕಂಪನಿ ಬಂದು ನೀವೂ ಬೆಲೆ ಇಳಿಸಿ ಉಳಿಕೆ ಹನ್ನೆರಡಕ್ಕೆ ಬಂದರೆ ದಿನಕ್ಕೆ 1,50,000, ಅಂದರೆ 375 ಬಿಲ್. ಬದಿಯಡ್ಕದ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಬಿಲ್ ಆಗುತ್ತದೆ ಎಂದು ಇವತ್ತೇ ನೋಡಿ. ಈ ಕರಾರು ಹರಿಯದೆ ತಾಳುವುದು ಜಾತ್ರೆಯ ಚೌಕದಲ್ಲಿ ಮಾತ್ರ.

ಹಾಗಾದರೆ ಕುಂಬಳೆ ಬೇಡವೇ? ಬೇಕು, ಬೇರೆ ಕಾಗದದ ಮೇಲೆ. 2,500 ಚದರ ಅಡಿ ಕೇಳಿ. ಒಂಬತ್ತು ವರ್ಷ ಇರಲಿ, ಆದರೆ ಮೂರು ವರ್ಷದ ಬಳಿಕ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡುವ ಹಕ್ಕು ನಿಮಗಿರಲಿ. ಮುಂಗಡ ಆರು ತಿಂಗಳಿಗೆ ಇಳಿಸಿ. ಕಡಿಮೆ ಬಾಡಿಗೆ ಮತ್ತು ಮಾರಾಟದಲ್ಲಿ ಇಷ್ಟು ಪಾಲು ಎಂಬ ಪದ್ಧತಿ ಪೇಟೆಗಳಲ್ಲಿ ಇದೆ, ಕೇಳಿ ನೋಡಿ. ಕರಾರನ್ನು ನೋಂದಾಯಿಸಿಯೇ ಮಾಡಿ. ಇದಕ್ಕೆ ಒಪ್ಪದಿದ್ದರೆ ವಿಷು ಕಳೆದುಹೋಗಲಿ. ಹೆದ್ದಾರಿ ಬದಿಯಲ್ಲಿ ಕಟ್ಟಡಗಳು ಏಳುತ್ತಲೇ ಇವೆ, ಬಾಡಿಗೆದಾರನಿಗಾಗಿ ಕಾಯುತ್ತಲೂ ಇವೆ.

ಚೌಕದೊಳಗೆ ಕೂರದ ಒಂದು ವಿಷಯವೂ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡದಿರಲೆಂದು ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯ ಆಚೆ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಈಚೆಯೇ ಉಳಿದ ದಿನಗಳವು. ಆಗ ನಾನು ಮಂಜೇಶ್ವರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಮಂಗಳೂರಿನಿಂದ ಮಾತ್ರ ತರಿಸುತ್ತಿದ್ದ ಅಂಗಡಿಯಲ್ಲಿ ತರಕಾರಿ ಬುಟ್ಟಿಗಳು ಖಾಲಿ, ಒಂದು ಬುಟ್ಟಿಯ ತಳದಲ್ಲಿ ಮೊಳಕೆಯೊಡೆದ ನಾಲ್ಕು ಆಲೂಗಡ್ಡೆ. ಕಣ್ಣೂರಿನ ಕಡೆಯಿಂದಲೂ ತರಿಸುತ್ತಿದ್ದ ಪಕ್ಕದ ಅಂಗಡಿಯಲ್ಲಿ ಟೊಮೆಟೊ ಇತ್ತು. ನಿಮ್ಮ ನಾಲ್ಕು ಅಂಗಡಿಗಳ ಸಾಮಾನು ಎಲ್ಲೆಲ್ಲಿಂದ ಬರುತ್ತದೆ ಎಂದು ಬರೆದು ನೋಡಿ. ಒಂದೇ ದಾರಿಯಾಗಿದ್ದರೆ ಐದನೆಯ ಅಂಗಡಿಗಿಂತ ಮೊದಲು ಎರಡನೆಯ ದಾರಿ ಬೇಕು.

ಕೊನೆಯದಾಗಿ, ಚೌಕ ಬರೆಯುವಾಗ ಲ್ಯಾಪ್‌ಟಾಪ್ ಮುಚ್ಚಿಡಿ. ನಾಲ್ಕೂ ಅಂಗಡಿಗಳಿಂದ ಬಿಲ್ಲಿಂಗಿನವರನ್ನು, ಮೂಟೆ ಇಳಿಸುವವರನ್ನು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಿರಿ. ಯಾವ ಮನೆಯ ಮಗ ಸೌದಿಯಿಂದ ಕೆಲಸ ಬಿಟ್ಟು ಬಂದ, ಯಾರು ಅರ್ಧ ಕಿಲೋ ಸಕ್ಕರೆಗೆ ಇಳಿದರು, ಯಾವ ಮನೆಗೆ ಪಾರ್ಸೆಲ್ ಹುಡುಗ ವಾರಕ್ಕೆ ಮೂರು ಸಲ ಹೋಗುತ್ತಾನೆ, ಇವೆಲ್ಲ ಅವರಿಗೆ ನಿಮಗಿಂತ ಮೊದಲು ತಿಳಿಯುತ್ತವೆ. ಬೆಟ್ಟದ ಮಳೆಯ ಸುದ್ದಿ ತರುವವರು ಅವರೇ.

ಪ್ರಶ್ನೆ: ಮಂಜೇಶ್ವರದಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಒಂದು ಚೈನ್ ಸ್ಟೋರ್‌ನ ಬಿಲ್ಲಿಂಗಿನಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಯೇ ಸ್ಕ್ಯಾನ್ ಮಾಡಿ ಹಣ ಕಟ್ಟುವ ಯಂತ್ರ ಬರುತ್ತದೆ ಎನ್ನುತ್ತಿದ್ದಾರೆ. ನನ್ನ ಕೆಲಸ ಹೋಗುತ್ತದೆಯೇ?
(ಒಬ್ಬ ಓದುಗಿ, ಮಂಜೇಶ್ವರ)

ಉತ್ತರ: ತಂಗಿ, ಹೋಗಲೂಬಹುದು. ಆದರೆ ಯಂತ್ರ ಬಂದರೆ ಮನುಷ್ಯರು ಹೊರಗೆ ಎಂಬುದು ಬರೆದಿಟ್ಟ ವಿಧಿಯಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಎಂಬ ಚೈನ್ 2023ರಲ್ಲಿ ತನ್ನ ಹೆಚ್ಚಿನ ಅಂಗಡಿಗಳಿಂದ ಇಂಥ ಯಂತ್ರಗಳನ್ನು ತೆಗೆದು ಮತ್ತೆ ಜನರನ್ನು ಕೂರಿಸಿತು. ಬಿಲ್ಲಿಂಗ್ ಕೌಂಟರೇ ಇಲ್ಲದ ಅಂಗಡಿಯನ್ನು 2018ರಲ್ಲಿ ಜನರಿಗೆ ತೆರೆದ ಅಮೆಜಾನ್, ಅಮೆರಿಕದ ತನ್ನ ದೊಡ್ಡ ದಿನಸಿ ಮಳಿಗೆಗಳಿಂದ ಆ ವ್ಯವಸ್ಥೆಯನ್ನು ಕೈಬಿಡುವುದಾಗಿ 2024ರಲ್ಲಿ ಹೇಳಿತು. ಹಾಗೆಂದು ಸುಮ್ಮನೆ ಕೂರಬೇಡ. ಬಿಲ್ ಹೊಡೆಯುವುದರ ಜೊತೆಗೆ ದಾಸ್ತಾನು ಲೆಕ್ಕ, ತರಕಾರಿ ಆರಿಸುವುದು, ಆನ್‌ಲೈನ್ ಆರ್ಡರ್ ಕಟ್ಟುವುದು, ಇವುಗಳಲ್ಲಿ ಒಂದನ್ನು ಕಲಿತುಕೊ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಗಿರಾಕಿಯನ್ನು ಮಾತನಾಡಿಸಬಲ್ಲವಳು ನೀನು. ಸಂದರ್ಶನದಲ್ಲಿ ಅದನ್ನು ನಾಚಿಕೆಯಿಲ್ಲದೆ ಮೊದಲ ಸಾಲಿನಲ್ಲೇ ಹೇಳು. ಪಿಎಫ್ ಖಾತೆಗೆ ಪ್ರತಿ ತಿಂಗಳು ಹಣ ಬೀಳುತ್ತಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು, ಈ ವಾರವೇ ನೋಡು.

ಪ್ರಶ್ನೆ: ನಾವು ಐವರು ಹೆಂಗಸರು ಸೇರಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಒಂಬತ್ತು ಅಂಗಡಿಗಳಿರುವ ಒಂದು ಚೈನ್‌ನವರು, ಇನ್ನು ಎಲ್ಲವನ್ನೂ ತಮಗೇ ಕೊಡಬೇಕು, ಬೇರೆ ಅಂಗಡಿಗೆ ಕೊಡಬಾರದು ಎನ್ನುತ್ತಿದ್ದಾರೆ. ಈಗಲೇ ಹಣ ಬರಲು ಮೂರು ತಿಂಗಳಾಗುತ್ತದೆ. ಒಪ್ಪೋಣವೇ?
(ಹಪ್ಪಳದ ಬಳಗ, ಎಣ್ಮಕಜೆ)

ಉತ್ತರ: ಒಪ್ಪಬೇಡಿ. ಮೇಲಿನ ಉತ್ತರ ಓದಿದ್ದೀರಲ್ಲ, ಅಂಗಡಿಯ ನಾಳೆ ಅಂಗಡಿಯವರಿಗೇ ತಿಳಿದಿಲ್ಲ. ಅವರ ಒಂಬತ್ತರಲ್ಲಿ ನಾಲ್ಕು ಮುಚ್ಚಿದರೆ ನಿಮ್ಮ ಹಪ್ಪಳ ಯಾರ ಮನೆಯ ಅಟ್ಟದಲ್ಲಿ ಮೆತ್ತಗಾಗಬೇಕು? ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಕೊಡುವುದಿಲ್ಲ ಎಂದು ಐವರೂ ಸೇರಿ ಇಂದೇ ನಿಶ್ಚಯಿಸಿ.

ಹಣದ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನಿಮ್ಮಂಥ ಸಣ್ಣ ತಯಾರಕರಿಗೆ ಬರಹದ ಒಪ್ಪಂದ ಇದ್ದರೂ 45 ದಿನಗಳ ಒಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ಬಡ್ಡಿ ಬರಬೇಕು. ಇಷ್ಟೇ ಅಲ್ಲ, ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಳ್ಳುವವರು ನಿಜವಾಗಿ ಪಾವತಿ ಮಾಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಮಾರ್ಚ್ ತಿಂಗಳಲ್ಲಿ ಅವರ ಲೆಕ್ಕಿಗರು ಇದನ್ನು ನೆನಪಿಸುತ್ತಾರೆ. ನೀವು ಫೆಬ್ರವರಿಯಲ್ಲೇ ನೆನಪಿಸಿ. ಪ್ರತಿ ಸಲ ಸಾಮಾನು ಕೊಡುವಾಗ ತಾರೀಕು ಹಾಕಿದ ಬಿಲ್ಲಿನ ಪ್ರತಿಯ ಮೇಲೆ ಅವರ ಸಹಿ ಮತ್ತು ಮೊಹರು ಇರಲಿ. ಮೊಹರು ಇಲ್ಲ, ನಾಳೆ ಹಾಕುತ್ತೇವೆ ಎಂದರೆ ಹಪ್ಪಳದ ಕಟ್ಟನ್ನು ಆಟೋದಿಂದ ಕೆಳಗಿಳಿಸಬೇಡಿ.